ಸೊನ್ನೆಯಿಂದ ನೂರರವರೆಗೆ ಸೆಕೆಂಡಕ್ಕ

ಬೆಳಕು ಇನ್ನೂ ಬೂದಿಬಣ್ಣದಲ್ಲಿರುವಾಗಲೇ ಸೆಕೆಂಡಕ್ಕ ಕಾಂಕ್ರೀಟಿನ ಮೇಲೆ ನಡೆಯಲು ಶುರು ಮಾಡುತ್ತಾರೆ. ಎಂದೋ ವಿಮಾನಗಳು ಇಳಿಯುತ್ತಿದ್ದ ಪಟ್ಟಿ ಅದು. ಒಂದೂಕಾಲು ಕಿಲೋಮೀಟರ್ ಉದ್ದ, ಎರಡೂ ಬದಿಗೆ ತುಕ್ಕು ಹಿಡಿದ ಕಬ್ಬಿಣದ ತಡೆ. ತಲೆ ತಗ್ಗಿಸಿಕೊಂಡು ಹೋಗುವ ಅವರನ್ನು ದೂರದಿಂದ ಕಂಡವರು, ಪಾಪ, ಏನೋ ಕಳೆದುಕೊಂಡಿದ್ದಾರೆ ಅಂದುಕೊಳ್ಳಬೇಕು. ಅವರು ಹುಡುಕುವುದು ಓಡುವ ಕಾರಿನ ಚಕ್ರಕ್ಕೆ ಸಿಗಬಾರದ ಜಲ್ಲಿಕಲ್ಲು. ಉಗುರಿನಷ್ಟು ಚೂರು ಕಂಡರೂ ಬಗ್ಗಿ ಆರಿಸಿ ಕೋಟಿನ ಜೇಬಿಗೆ ಹಾಕುತ್ತಾರೆ. ಐವತ್ತೇಳರ ಸೊಂಟ ಪ್ರತಿ ಸಲವೂ ತಕರಾರು ತೆಗೆಯುತ್ತದೆ.

ಕೊನೆಯಲ್ಲೊಂದು ಕಂಬ, ಅದರ ತುದಿಗೆ ಬಟ್ಟೆಯ ಚೂರು. ಬಟ್ಟೆ ಅಲ್ಲಾಡುತ್ತಿಲ್ಲ. ಅಕ್ಕನಿಗೆ ಸಮಾಧಾನ. "ಗಾಳಿ ಎದ್ದ ಮೇಲೆ ಅಳೆದ್ರೆ ಅದು ಕಾರಿನ ಟೈಮಲ್ಲ, ಗಾಳಿ ಟೈಮು. ಈ ತಣ್ಣನೆ ಹೊತ್ತಲ್ಲಿ ಎಂಜಿನ್ನೂ ಚೆನ್ನಾಗಿ ಉಸಿರಾಡುತ್ತೆ, ನಾನೂ ಆಡ್ತೀನಿ" ಅನ್ನುತ್ತಾರೆ.

ಅವರ ಕೆಲಸ ಹೇಳಲಿಕ್ಕೆ ಒಂದು ಸಾಲು ಸಾಕು. ನಿಂತ ಕಾರು ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಅನ್ನುವುದನ್ನು ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಅಳೆಯುವುದು. ಈ ಕಡೆಯಿಂದ ಒಂದು ಓಟ, ಆ ಕಡೆಯಿಂದ ಒಂದು ಓಟ, ಎರಡರ ಸರಾಸರಿ. ಕಾರು ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ, ಅಲ್ಲಿಂದ ಹೊರಬಿದ್ದ ಮೇಲೆ ಹಳೇ ಕಾರುಗಳ ಮಾಲೀಕರಿಗಾಗಿ ಈ ಪಟ್ಟಿಯಲ್ಲಿ ಹನ್ನೆರಡು ವರ್ಷ. ಒಟ್ಟು ಒಂದು ಲಕ್ಷ ಹನ್ನೆರಡು ಸಾವಿರಕ್ಕೂ ಮಿಕ್ಕಿದ ಓಟಗಳು. "ಒಂದು ಓಟಕ್ಕೆ ಹತ್ತು ಸೆಕೆಂಡು ಅಂತ ಹಿಡಿದ್ರೂ ಎಲ್ಲಾ ಸೇರಿ ಹದಿಮೂರು ದಿನ ಆಗುತ್ತೆ. ಮೂವತ್ತೆಂಟು ವರ್ಷ ದುಡಿದು ಹದಿಮೂರು ದಿನದ ಕೆಲಸ ಮಾಡಿದೀನಿ ನೋಡಿ. ನನ್ನಂಥ ಸೋಮಾರಿ ಇನ್ನೊಬ್ಬಳಿಲ್ಲ" ಎಂದು ನಗುತ್ತಾರೆ. ನಗು ಮುಗಿಯುವ ಮೊದಲೇ ಕೈ ಕುತ್ತಿಗೆಗೆ ಹೋಗುತ್ತದೆ. ಲಕ್ಷ ಸಲ ಹಿಂದಕ್ಕೆ ಜಗ್ಗಿಸಿಕೊಂಡ ಕುತ್ತಿಗೆ ಅದು. ಬಲಗಿವಿಯೂ ಅರ್ಧ ಮಂದ.

ಇವತ್ತು ಬಂದವರು ಹಲ್ಲಿನ ಡಾಕ್ಟರು. ತಂದದ್ದು ಎರಡೇ ಬಾಗಿಲಿನ, ತಗ್ಗಿನ ಮೂತಿಯ, ಕೈಯಲ್ಲೇ ಗೇರ್ ಹಾಕಬೇಕಾದ ಕೆಂಪು ಕೂಪೆ. ಒಂದು ಕಾಲದಲ್ಲಿ ಗೋಡೆಗಳ ಮೇಲೆಲ್ಲ ಚಿತ್ರವಾಗಿ ನೇತಾಡಿದ ಕಾರು. ಅದರ ಬಾನೆಟ್ ಕಂಡೊಡನೆ ಅಕ್ಕನ ಮುಖ ಒಂದಿಷ್ಟು ಬಿಗಿಯುತ್ತದೆ. ಆದರೂ ಕೂರುತ್ತಾರೆ, ಸೀಟಿನ ಪಟ್ಟಿ ಬಿಗಿಯುತ್ತಾರೆ, ವೇಗವನ್ನೂ ಸಮಯವನ್ನೂ ಅಳೆಯುವ ಯಂತ್ರವನ್ನು ಮೊಣಕಾಲ ಮೇಲಿಟ್ಟುಕೊಳ್ಳುತ್ತಾರೆ. ಮೊದಲ ಓಟದಲ್ಲಿ ಗೇರ್‌ಪೆಟ್ಟಿಗೆ ಕರಕರ ಹಲ್ಲು ಕಡಿಯುತ್ತದೆ.

"ಹಲ್ಲು ಕಿತ್ತ ಹಾಗೆ ಗೇರ್ ಕೀಳ್ಬೇಡಿ ಡಾಕ್ಟ್ರೇ. ಅದಕ್ಕೆ ಮಂಪರು ಕೊಟ್ಟಿಲ್ಲ."

ಎರಡು ಓಟ ಮುಗಿದು ಸರಾಸರಿ ಎಂಟು ಪಾಯಿಂಟ್ ಎರಡು. ಡಾಕ್ಟರ ಮುಖ ಸಪ್ಪಗಾಗುತ್ತದೆ. ಕಂಪನಿಯ ಪುಸ್ತಿಕೆಯಲ್ಲಿ ಆರು ಪಾಯಿಂಟ್ ಒಂಬತ್ತು ಅಂತ ಇದೆಯಲ್ಲ, ನಿಮ್ಮ ಯಂತ್ರ ಸರಿ ಇದೆಯಾ ಎಂದು ಕೇಳುತ್ತಾರೆ.

"ಪುಸ್ತಿಕೆ ಓಡಿಸ್ಕೊಂಡು ಬಂದಿದ್ರೆ ಆರು ಒಂಬತ್ತೇ ಬರ್ತಿತ್ತೇನೋ. ನೀವು ಕಾರು ತಂದಿದೀರ" ಅನ್ನುತ್ತಾರೆ ಅಕ್ಕ. ಡಾಕ್ಟರು ಹೊರಟುಹೋದ ಮೇಲೆ ಮತ್ತೆ ಜಲ್ಲಿಕಲ್ಲು ಆರಿಸಲು ಬಗ್ಗುತ್ತಾರೆ. ಆ ಆರು ಒಂಬತ್ತರ ಹಿಂದಿನ ಕಥೆ ಅವರ ಮನೆಯ ಕಥೆ.

ಅಪ್ಪ ಗಡಿಯಾರ ರಿಪೇರಿಯವರು. ಕಣ್ಣು ಮಂಜಾಗಿ ಅವರು ಕೈಚೆಲ್ಲಿದಾಗ ಅಕ್ಕನಿಗಿಂತ ಹತ್ತು ವರ್ಷ ದೊಡ್ಡವರಾದ ಅಣ್ಣ ಮನೆಯ ನೊಗ ಹೊತ್ತರು. ಅಣ್ಣ ಕಂಪನಿಯ ಪರೀಕ್ಷಾ ಚಾಲಕ. ಹೊಸ ಮಾದರಿಗಳನ್ನು ಮೊದಲು ಓಡಿಸಿ ಗುಣದೋಷ ಹೇಳುವ ಕೆಲಸ. ತಂಗಿಗೆ ಹತ್ತೊಂಬತ್ತಾದಾಗ ಸಮಯ ಬರೆದುಕೊಳ್ಳುವ ಕೆಲಸಕ್ಕೆ ಅವರೇ ಸೇರಿಸಿದರು. ಅಣ್ಣ ಓಡಿಸುವುದು, ತಂಗಿ ಅಳೆಯುವುದು. ಮಧ್ಯಾಹ್ನ ಒಂದೇ ಡಬ್ಬಿ ಬಿಚ್ಚಿ ಉಣ್ಣುವುದು. "ಅಣ್ಣನ ಕೈಗೆ ಗೇರ್ ಬೆಣ್ಣೆ ಥರ ಬೀಳ್ತಿತ್ತು. ಎರಡರಿಂದ ಮೂರಕ್ಕೆ ಹಾಕಿದ್ದು ನನ್ನ ಬೆನ್ನಿಗೆ ಗೊತ್ತೇ ಆಗ್ತಿರಲಿಲ್ಲ. ಏಳು ವರ್ಷ ಪಕ್ಕದಲ್ಲಿ ಕೂತಿದೀನಿ, ಒಂದಿನ ಹೆದರಿಲ್ಲ."

ಮೂವತ್ತೊಂದು ವರ್ಷದ ಹಿಂದೆ ಈ ಕೂಪೆ ಬಂತು. ಏಳು ಸೆಕೆಂಡಿನ ಒಳಗೆ ಬರಲೇಬೇಕು ಎಂದು ಮೇಲಿನವರ ಹಟ. ಆದರೆ ಕಾರಿನ ಎರಡನೇ ಗೇರು ತೊಂಬತ್ತೇಳಕ್ಕೇ ಏದುಸಿರು ಬಿಡುತ್ತಿತ್ತು. ಉಳಿದ ಮೂರು ಕಿಲೋಮೀಟರ್ ವೇಗಕ್ಕಾಗಿ ಮೂರನೇ ಗೇರು ಹಾಕಲೇಬೇಕು. ಆ ಒಂದು ಬದಲಾವಣೆಗೇ ಸೆಕೆಂಡಿನ ಮೂರನೇ ಒಂದು ಪಾಲು ಕೈಬಿಡುತ್ತಿತ್ತು. ಗೇರ್‌ಪೆಟ್ಟಿಗೆ ತಿದ್ದಲು ತಿಂಗಳುಗಳು ಬೇಕು. ಚಾಲಕನನ್ನು ತಿದ್ದುವುದು ಸುಲಭ ಅಂತ ಅವರಿಗನ್ನಿಸಿತು. ಎಕ್ಸಿಲರೇಟರಿನಿಂದ ಕಾಲು ತೆಗೆಯದೆಯೇ ಗೇರ್ ಹಾಕು ಎಂದು ಹೇಳಿದರು.

ಒಂದು ವಾರ, ನಲವತ್ತೆರಡು ಓಟ. ಎರಡು ಕ್ಲಚ್ ಸುಟ್ಟುಹೋದವು. ನಲವತ್ತೆರಡನೆಯದು ಏಳು ಪಾಯಿಂಟ್ ಎರಡು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಆಗ ಮೇಲಧಿಕಾರಿ ಕಿಟಕಿಯಲ್ಲಿ ಬಗ್ಗಿ ಹೇಳಿದ ಮಾತು ಅಕ್ಕನ ಒಳ್ಳೇ ಕಿವಿಯಲ್ಲಿ ಇನ್ನೂ ಇದೆ: "ಈಯಮ್ಮನ್ನ ಇಳಿಸಿ. ತೂಕ ಕಮ್ಮಿಯಾಗುತ್ತೆ."

ಅಕ್ಕ ಇಳಿದರು. ಯಂತ್ರವನ್ನು ಖಾಲಿ ಸೀಟಿಗೆ ಕಟ್ಟಿದರು. ನಲವತ್ತಮೂರನೇ ಓಟದಲ್ಲಿ, ಒಂದು ವಾರ ಕ್ಲಚ್ ತುಳಿದು ತುಳಿದು ಸೋತ ಕಾಲು, ಮರಗಟ್ಟಿದ ಕೈ. ಮೂರಕ್ಕೆ ಬೀಳಬೇಕಾದ ಗೇರು ಒಂದಕ್ಕೆ ಬಿತ್ತು. ಹಿಂದಿನ ಚಕ್ರಗಳು ಹಿಡಿದುಕೊಂಡವು. ಕಾರು ಅಡ್ಡಡ್ಡ ತಿರುಗಿ ಕಬ್ಬಿಣದ ತಡೆಗೆ ಬಡಿಯಿತು. ಓಡಿಹೋದ ತಂಗಿಗೆ ಮೊದಲು ಕಂಡದ್ದು ಯಂತ್ರ. ಅದು ತೊಂಬತ್ತೇಳಕ್ಕೇ ನಿಂತಿತ್ತು. ನೂರು ಮುಟ್ಟಿರಲೇ ಇಲ್ಲ.

ಹನ್ನೊಂದನೇ ದಿನ ಅಣ್ಣ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರು. ಎಡಗಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಅದನ್ನವರು ಇನ್ನೂ ನೋಡಿಕೊಂಡಿರಲಿಲ್ಲ. ತಂಗಿಯನ್ನು ಕಂಡು ಕೇಳಿದ್ದು ಒಂದೇ: "ಎಷ್ಟು ಬಂತು?"

"ನಾನು ಯಾವತ್ತೂ ಒಂದು ಪಾಯಿಂಟ್ ಹೆಚ್ಚುಕಮ್ಮಿ ಹೇಳಿದೋಳಲ್ಲ. ಅವತ್ತು ಬಾಯಿಗೆ ಬಂದುಬಿಡ್ತು. ಆರು ಒಂಬತ್ತು ಬಂತು ಕಣೋ ಅಂದೆ. ಅವನು ನಕ್ಕ. ಆ ನಗು ನೋಡಿದ ಮೇಲೆ ಹೇಗೆ ವಾಪಸ್ ತಗೊಳ್ಳಲಿ?"

ವಾಪಸ್ ತೆಗೆದುಕೊಳ್ಳುವ ದಾರಿಯನ್ನು ಕಂಪನಿಯೇ ಮುಚ್ಚಿತು. ಕೂಪೆಯ ಪುಸ್ತಿಕೆ ಬಂದಾಗ ಅದರಲ್ಲೂ ಆರು ಪಾಯಿಂಟ್ ಒಂಬತ್ತೇ ಇತ್ತು. ಅದು ಅಪಘಾತಕ್ಕೆ ಎರಡು ವಾರ ಮೊದಲೇ ಅಚ್ಚಾಗಿತ್ತು ಅನ್ನುವುದು ಅಕ್ಕನಿಗೆ ತಿಳಿದದ್ದು ಆಮೇಲೆ, ಕಚೇರಿಯಲ್ಲಿ ಬಿಚ್ಚಿದ ಪುಸ್ತಿಕೆಗಳ ಕಟ್ಟಿನ ಮೇಲಿನ ತಾರೀಖು ನೋಡಿ. ಅಂದರೆ ಆ ಓಟ ಯಾರಿಗೂ ಬೇಕೇ ಇರಲಿಲ್ಲ. ಅಣ್ಣ ಮಾತ್ರ ಪುಸ್ತಿಕೆಯ ಆ ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕಂಪನಿಯ ಉಗ್ರಾಣದಲ್ಲಿ ಬೀಗದ ಕೈ ಕಾಯುತ್ತ ನಿವೃತ್ತರಾದರು. ಮನೆಗೆ ಬಂದವರಿಗೆಲ್ಲ ಕೃತಕ ಕಾಲನ್ನು ತಟ್ಟಿ ಹೇಳುತ್ತಿದ್ದರು: "ಕಾಲು ಕೊಟ್ಟೆ, ಆರು ಒಂಬತ್ತು ತಗೊಂಡೆ. ಲುಕ್ಸಾನೇನಿಲ್ಲ."

ಮದುವೆಯಾಗದ ತಂಗಿ ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದು ಮೂವತ್ತು ವರ್ಷ ಈ ಮಾತು ಕೇಳಿಸಿಕೊಂಡರು.

ಕಳೆದ ವರ್ಷ ಕೂಪೆ ಮಾಲೀಕನೊಬ್ಬ ಅಣ್ಣನನ್ನು ಹುಡುಕಿಕೊಂಡು ಮನೆಗೇ ಬಂದ. ನಮ್ಮ ಯಾವ ಕಾರೂ ಆರು ಒಂಬತ್ತು ಬರುವುದಿಲ್ಲ, ನಿಮ್ಮ ತಂಗಿಯವರ ಅಳತೆಯಲ್ಲೇ ದೋಷ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಾರೆ ಎಂದ. ಅಣ್ಣನಿಗೆ ರೇಗಿತು. ತಂಗಿಯ ಹೆಸರಿಗೆ ಮಸಿ ಬಳಿದವನ ಬಾಯಿ ಮುಚ್ಚಿಸಬೇಕೆಂದು, ತಂಗಿ ಬರೆದಿಟ್ಟಿದ್ದ ಆ ವಾರದ ಓಟಗಳ ಹಳೇ ಪುಸ್ತಕ ತರಿಸಿದರು. ಅದು ಸಿಗುವಷ್ಟರಲ್ಲಿ ಆತ ಹೊರಟುಹೋಗಿದ್ದ. ಕನ್ನಡಕ ಹಾಕಿಕೊಂಡು ತಾವೇ ಪುಟ ತಿರುವಿದರು. ನಲವತ್ತೆರಡರ ಮುಂದೆ ಏಳು ಪಾಯಿಂಟ್ ಎರಡು. ನಲವತ್ತಮೂರರ ಮುಂದೆ ಬರೀ ಗೆರೆ.

"ಇದೇನು, ಗೆರೆ ಎಳೆದಿದೀಯ?"

ಅಕ್ಕ ಎಲ್ಲವನ್ನೂ ಹೇಳಿದರು. ಅಣ್ಣ ಕೂಗಾಡಲಿಲ್ಲ. ಪುಸ್ತಕ ಮುಚ್ಚಿ ಕೇಳಿದರು: "ಹಾಗಾದ್ರೆ ಕಾಲು ಯಾಕೆ ಹೋಯ್ತು?"

ಮರುದಿನ ಚೌಕಟ್ಟು ಗೋಡೆಯ ಕಡೆಗೆ ಮುಖ ಮಾಡಿ ಮೂಲೆ ಸೇರಿತ್ತು. ಅಂದಿನಿಂದ ಎಂಟು ತಿಂಗಳು, ಅಣ್ಣ ತಂಗಿಯ ಜೊತೆ ಒಂದೇ ಒಂದು ಮಾತಾಡಿಲ್ಲ. ನಡುವೆ ಅತ್ತಿಗೆ ಅಂಚೆಯಾಳು. "ಇವರು ಹೇಳೋದು ಅವಳಿಗೆ ಕೇಳಿಸುತ್ತೆ, ಅವಳು ಹೇಳೋದು ಇವರಿಗೆ ಕೇಳಿಸುತ್ತೆ. ಆದ್ರೂ ನಾನು ಎರಡೆರಡು ಸಲ ಹೇಳ್ಬೇಕು. ಈ ವಯಸ್ಸಲ್ಲಿ ನನಗೆ ಗಿಣಿ ಬಾಳು" ಎಂದು ಅತ್ತಿಗೆ ಗೊಣಗುತ್ತಾರೆ. ಅಣ್ಣನ ಊಟದ ತಟ್ಟೆ ಇಡುವವರು ಈಗಲೂ ತಂಗಿಯೇ. ಅವರು ಆ ಕಡೆ ತಿರುಗಿದ ಮೇಲೆಯೇ ಅಣ್ಣ ತುತ್ತು ಎತ್ತುವುದು.

ಪಟ್ಟಿಗೂ ಹೆಚ್ಚು ದಿನವಿಲ್ಲ. ಎರಡು ತಿಂಗಳಲ್ಲಿ ಇಲ್ಲಿ ಗೋದಾಮು ಏಳುತ್ತದಂತೆ. ಅಕ್ಕನಿಗೆ ಅದರ ದುಃಖ ಅಷ್ಟಾಗಿ ಇದ್ದಂತಿಲ್ಲ. "ಈಗಿನ ಕಾರಿಗೆ ಗೇರೂ ಇಲ್ಲ, ಸದ್ದೂ ಇಲ್ಲ. ಓಡಿ ಮುಗಿಸಿ ತನ್ನ ಟೈಮು ತಾನೇ ಪರದೆ ಮೇಲೆ ತೋರಿಸ್ಕೊಳ್ಳುತ್ತೆ. ತನ್ನ ಬೆನ್ನು ತಾನೇ ತಟ್ಕೊಳ್ಳೋರ ಮಧ್ಯೆ ನನಗೇನು ಕೆಲಸ?"

ಬಿಸಿಲು ಏರಿದೆ, ಕಂಬದ ಬಟ್ಟೆ ಅಲ್ಲಾಡತೊಡಗಿದೆ. ಇವತ್ತಿನ ಅಳತೆ ಮುಗಿಯಿತು. ಯಂತ್ರವನ್ನು ಪೆಟ್ಟಿಗೆಗೆ ಇಳಿಸುತ್ತಿರುವ ಅಕ್ಕನನ್ನು, ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದಾಗ ಅವರು ಮೊದಲು ಇಲ್ಲವೆಂದು ತಲೆಯಾಡಿಸುತ್ತಾರೆ. ಆಮೇಲೆ ಪೆಟ್ಟಿಗೆಯ ಚಿಲಕದ ಮೇಲಿಂದ ಕೈ ತೆಗೆಯುತ್ತಾರೆ.

"ಆ ಕೂಪೆ ಥರದ್ದು ಇನ್ನೂರ ಹನ್ನೆರಡು ಕಾರು ಇಲ್ಲಿಗೆ ಬಂದ್ವು. ಒಳ್ಳೊಳ್ಳೆ ಡ್ರೈವರುಗಳು ಬಂದ್ರು, ಪಂದ್ಯ ಗೆದ್ದೋರೂ ಬಂದ್ರು. ಎಲ್ಲರ ಪಕ್ಕದಲ್ಲೂ ನಾನೇ ಕೂತಿದ್ದೆ. ಏಳು ನಾಲ್ಕಕ್ಕಿಂತ ಕೆಳಗೆ ಒಬ್ಬರೂ ಬರಲಿಲ್ಲ. ಇದನ್ನ ಮನೇಲಿ ಹೇಳೋಣ ಅಂದ್ರೆ ಅಣ್ಣ ಎದ್ದು ಹೋಗ್ತಾನೆ. ನಿಮ್ಮ ಪೇಪರ್ ಆದ್ರೆ ಒಂದಕ್ಷರ ಬಿಡದೆ ಓದ್ತಾನೆ. ಅದಕ್ಕೇ ನೀವು ಬರೀರಿ. ಏಳು ಎರಡು ಸುಳ್ಳಲ್ಲ, ನಮ್ಮಣ್ಣ ಓಡಿಸಿದ್ದು, ನಾನು ಅಳೆದದ್ದು. ಇವತ್ತಿನವರೆಗೂ ಅದನ್ನ ಯಾರೂ ಮುಟ್ಟಿಲ್ಲ."