ಬಬಲೇಶ್ವರದ ಮಿಸ್ತ್ರಿಯ ಗದ್ದುಗೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ನಾನು ಬಿಜಾಪುರದ ಸ್ಟೇಶನ್ನಿಗೆ ಹೋಗಿ ತುನ್ ಶ್ವೇಯನ್ನು ಇದಿರುಗೊಂಡೆ. ರಂಗೂನಿನಿಂದ ಬಂದಿದ್ದ. ಅವನ ತಮ್ಮ ಲಾ ಮಾಂಗ್‌ನನ್ನು ಟಿಕೋಟಾದ ಸಾಹುಕಾರ ಚನ್ನಬಸಪ್ಪನವರು ಬಬಲೇಶ್ವರದಲ್ಲಿದ್ದ ತಮ್ಮ ಜಿನ್ನಿಗೆ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ, ಎಂಜಿನ್ ಮಿಸ್ತ್ರಿಯಾಗಿ ಕರೆತಂದಿದ್ದರು. ಯುದ್ಧದ ನಡುವೆ ಅವನು ಇಲ್ಲೇ ಜ್ವರದಿಂದ ಸತ್ತ. ಸತ್ತವನಿಗೆ ಏಳನೆಯ ದಿನ ನೀರು ಬಿಟ್ಟು, "ನಿನ್ನ ಕೆಲಸ ಮುಗಿಯಿತು, ಹೋಗು" ಎನ್ನದಿದ್ದರೆ ಜೀವ ಅಲ್ಲೇ ಸುತ್ತುತ್ತದೆಂದು ಬರ್ಮಾದ ಅವರ ನಂಬಿಕೆ. ಯಾರಾದರೂ ಹೇಳಿದ್ದರೇ ಎಂದು ಕೇಳಲು ಅಣ್ಣ ಕಡಲು ದಾಟಿ ಬಂದಿದ್ದ. ರಂಗೂನಿನಲ್ಲಿ ಬಹುಕಾಲ ದುಡಿದ ನಾನು ಅವನಿಗೆ ದುಭಾಷಿ.

ಟಿಕೋಟಾಕ್ಕೆ ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುವ ಮೋಟಾರು, ತಲೆಗೆ ಆರಾಣೆ. ಅಯ್ಯೋ, ಆ ಮೋಟಾರೋ! ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ರೊಕ್ಕ ಕೊಟ್ಟು ಕೂಲಿ ಮಾಡುವ ಭಾಗ್ಯ ನಮ್ಮ ಜಿಲ್ಲೆಯಲ್ಲೇ ಸಿಕ್ಕೀತು! ಪಾಪ, ತುನ್ ಶ್ವೇಯೂ ಬೆವರು ಸುರಿಸಿ ನೂಕಿದ.

ಸಾಹುಕಾರರು ರೊಟ್ಟಿ, ಎಣ್ಣೆಗಾಯಿ, ಮಜ್ಜಿಗೆ ಬಡಿಸಿ ಎದುರಿಗೇ ಕುಳಿತರು.

"ನಿನ್ನ ತಮ್ಮಗ ಏನೂ ಕಡಿಮಿ ಮಾಡ್ಲಿಲ್ಲಪಾ. ಇರಾಕ ಮನಿ ಕೊಟ್ಟೆ. ರೊಟ್ಟಿ ಒಗ್ಗಲಿಲ್ಲಂತ ಅಕ್ಕಿ ತರಿಸಿದೆ. ಜ್ವರ ಬಂದಾಗ ಬಿಜಾಪುರದಿಂದ ಡಾಕ್ಟರ್‌ನ ಕರಸಿದೆ. ವರ್ಷಕ್ಕ ಊರಿಗೆ ಕಳಸ್ತೀನಿ ಅಂದಿದ್ದೆ, ಹಡಗಾ ನಿಂತ್ವು."

ಅಷ್ಟೂ ನಿಜ. ಇಂಥ ಧಣಿ ನನಗೆ ರಂಗೂನಿನಲ್ಲಿ ಸಿಗಲಿಲ್ಲ.

ಬಬಲೇಶ್ವರಕ್ಕೆ ಎತ್ತಿನ ಗಾಡಿಯಲ್ಲಿ ಹೋದೆವು. ಬಿರಿದ ಎರೆಭೂಮಿ, ಕೆಂಡದಂಥ ಗಾಳಿ. ಹೊತ್ತು ಇಳಿಯುವಾಗ ಜಿನ್ನು ತಲುಪಿದೆವು. ಬೇವಿನ ಮರದ ಕೆಳಗೆ ಕಲ್ಲಿನ ಗದ್ದುಗೆ, ಮೇಲೆ ವಿಭೂತಿ, ಸುತ್ತ ಒಡೆದ ತೆಂಗಿನ ಚಿಪ್ಪು.

"ನಮ್ಮವರಂಗ ಕುಂದರಿಸಿ ಮಣ್ಣ ಮಾಡೇವಿ," ಎಂದರು ಸಾಹುಕಾರರು ಹೆಮ್ಮೆಯಿಂದ. "ದಿನಾ ಎಂಜಿನ್ ಚಾಲೂ ಮಾಡೂ ಮುಂಚೆ ಇವಂಗ ಕಾಯಿ ಒಡೀತೀವಿ. ಮಿಸ್ತ್ರಿ, ಎಂಜಿನ್ ನಿನ್ನ ಮ್ಯಾಲ ಐತಿ, ನೋಡ್ಕೋ ಅಂತೀವಿ."

ನಾನು ಬರ್ಮಿಯಲ್ಲಿ ಹೇಳಿದೆ. ತುನ್ ಶ್ವೇಯ ಮುಖ ಬಿಳಿಚಿತು.

"ಸತ್ತ ಮೇಲೂ ಕೆಲಸ ಬಿಡಿಸಲಿಲ್ಲವೇ?"

ಅದನ್ನು ಕನ್ನಡದಲ್ಲಿ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ. ಸಾಹುಕಾರರು ಗದ್ದುಗೆಯ ಪಕ್ಕದಲ್ಲೇ ಕುಸಿದರು.

"ದೇವರಂತ ಪೂಜಿ ಮಾಡೇವಲ್ಲೋ ಯಪ್ಪಾ! ನಿಮ್ಮ ಪದ್ಧತಿ ಏನಂತ ಅವನ್ನ ಒಂದ ದಿನಾನೂ ಕೇಳಲಿಲ್ಲ ನಾ."

ಕರೆತಂದವರೇ ಬಿಡುಗಡೆ ಕೊಡಬೇಕೆಂದ ತುನ್ ಶ್ವೇ, ತಂಬಿಗೆಯಿಂದ ಹನಿಹನಿಯಾಗಿ ನೀರು ಬಿಡತೊಡಗಿದ. ಸಾಹುಕಾರರು ರುಮಾಲು ತೆಗೆದು ಕೈಮುಗಿದರು.

"ಮಿಸ್ತ್ರಿ, ನಿನ್ನ ಕೆಲಸ ಮುಗೀತಪಾ. ಹೋಗಿ ಬಾ."

ನಮ್ಮ ಕಡೆ ಹೊಸ್ತಿಲು ದಾಟುವವರಿಗೆ ಬರೀ 'ಹೋಗು' ಎನ್ನುವವರುಂಟೇ? ಅದು ಬೇಡವಾದವರಿಗೆ ಆಡುವ ಮಾತು. ಏನೆಂದರು ಎಂಬಂತೆ ತುನ್ ಶ್ವೇ ನನ್ನನ್ನು ನೋಡಿದ. ಆದರೆ 'ಬಾ' ಎಂದರೆ ಜೀವ ಮತ್ತೆ ಇಲ್ಲಿಗೇ ತಿರುಗೀತು.

"ಸಾಹುಕಾರ್ರ, ಬಾ ಅನಬ್ಯಾಡ್ರಿ," ಎಂದೆ.

ಅವರು ಎರಡು ಸಲ ಬಾಯಿ ತೆರೆದರು, ಆಗಲಿಲ್ಲ. ಕಡೆಗೆ, "ಹೋಗೋ ನನ್ನಪ್ಪಾ. ಮತ್ತ ಬರಬ್ಯಾಡ," ಎಂದವರೇ ಮಗನನ್ನು ಮನೆ ಬಿಡಿಸಿದವರಂತೆ ಗೋಳೋ ಎಂದು ಅತ್ತರು. ನಾನೂ ಅತ್ತೆ.

ಬೆಳಿಗ್ಗೆ ಬಿಜಾಪುರಕ್ಕೆ ಗಾಡಿ ಹೂಡುವಾಗ ಆಳುಗಳು ತೆಂಗಿನಕಾಯಿ ಹಿಡಿದು ಬಂದರು. ಸಾಹುಕಾರರು ಬೇವಿನ ಮರಕ್ಕೆ ಅಡ್ಡ ನಿಂತು ಬೇಡವೆಂದು ಕೈ ಆಡಿಸಿದರು.

"ಅಂವ ಇಲ್ಲರೋ. ಊರಿಗೆ ಹೋಗ್ಯಾನ."