ನುಚ್ಚು ತಂದ ಮಾವಶಿ

ಮಿರಜದ ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟ ಹಂಚುತ್ತಿದ್ದ ಅವರನ್ನು ಎಲ್ಲರೂ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಎಂದೇ ಕರೆಯುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಮನ್ಯಾಗ ಏನ್ ಉಣ್ತೀರಿ?" ಎಂದು ಪ್ರತಿಯೊಬ್ಬರನ್ನೂ ಕೇಳುವುದು ಅವರ ರೂಢಿ.

ಕಾಲಿನ ಆಪರೇಶನ್ ಆದ ಮೇಲೆ ನಮ್ಮ ಅವ್ವ ಮೂರು ದಿನ ಊಟ ಮುಟ್ಟಲಿಲ್ಲ. ಅಲ್ಲಿಯ ಸಪ್ಪೆ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ನಾನು ಬೈದೆ, ಬೇಡಿಕೊಂಡೆ, ಅತ್ತೂಬಿಟ್ಟೆ. ಮಾವಶಿ ಹಾಸಿಗೆಯ ಪಕ್ಕ ಕುಳಿತು ಮೆಲ್ಲಗೆ ತಮ್ಮ ರೂಢಿಯ ಪ್ರಶ್ನೆಯನ್ನೇ ಕೇಳಿದರು.

"ಜ್ವಾಳದ ನುಚ್ಚು, ಮಜ್ಜಿಗಿ," ಅಂದಳು ಅವ್ವ.

ಆಸ್ಪತ್ರೆಯ ಅಡುಗೆಮನೆಯಲ್ಲಿ ಜೋಳವಿರಲಿಲ್ಲ. ಮಾವಶಿ ಡಾಕ್ಟರರನ್ನು ಕೇಳಿ ಒಪ್ಪಿಸಿ, ಮರುದಿನ ತಮ್ಮ ಮನೆಯಲ್ಲಿ ಜೋಳದ ನುಚ್ಚು ಒಡೆದು ತಂದು, ಅಲ್ಲೇ ಮೆತ್ತಗೆ ಬೇಯಿಸಿದರು. ಮಜ್ಜಿಗೆ ಕಲಸಿ ಮೊದಲ ತುತ್ತು ತಾವೇ ಉಣಿಸಿದರು. ಎರಡನೆಯದಕ್ಕೆ ಅವ್ವ ತಾನಾಗಿ ಬಾಯಿ ತೆರೆದಳು. ಮೂರನೆಯದಕ್ಕೆ ಚಮಚವನ್ನೇ ಕಸಿದುಕೊಂಡಳು.

"ಸಾವಕಾಶ ಉಣ್ರಿ ಆಯಿ, ಭಾಳ ಐತಿ," ಎಂದು ಮಾವಶಿ ನಕ್ಕರು.

ನಾವು ಊರಿಗೆ ಹೊರಡುವ ಹೊತ್ತಿಗೆ, ನಮ್ಮ ಕನ್ನಡ ಸೀಮೆಯ ಕಡೆಯಿಂದ ಬಂದ ರೋಗಿಗಳಿಗೆಂದು ಅಲ್ಲಿ ದಿನವೂ ನುಚ್ಚು ಬೇಯತೊಡಗಿತ್ತು. ಆಮೇಲೆ ಅವ್ವ ಬಹಳ ವರ್ಷ ಬದುಕಿದಳು. ನಾನು ನುಚ್ಚು ಮಾಡಿದಾಗಲೆಲ್ಲ ಒಂದು ತುತ್ತು ಉಂಡು, "ಚಲೋ ಆಗೇತಿ, ಆದ್ರ ಮಾವಶಿ ಕೈ ರುಚಿ ಬರಂಗಿಲ್ಲ ಬಿಡು," ಎನ್ನುತ್ತಿದ್ದಳು.