ಗಸಗಸೆಯ ಪೊಟ್ಟಣ

ಅಣ್ಣ ದುಬೈಯಲ್ಲಿ ಅಡುಗೆಯವನು ಎಂದೇ ನಂಬಿ ಅಮ್ಮ ಊರಿಗೆಲ್ಲ ಹೇಳಿಕೊಂಡಿದ್ದಳು. ಬ್ರಹ್ಮಾವರದ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವನು ಈಗ ಅಫ್ಘಾನಿಸ್ತಾನದಲ್ಲಿ, ವಿದೇಶಿ ಸೈನ್ಯದ ಕ್ಯಾಂಪಿನಲ್ಲಿ ಬೇಯಿಸುತ್ತಿದ್ದಾನೆಂದು ನನಗೊಬ್ಬಳಿಗೇ ಗೊತ್ತಿತ್ತು. ಆ ದೇಶದ ಸರ್ಕಾರ ಬೀಳುವುದಕ್ಕೆ ಮುಂಚಿನ ವರ್ಷ ಅವನು ರಜೆಯಲ್ಲಿ ಬಂದಿದ್ದ. ಹೊರಡುವ ಹಿಂದಿನ ದಿನ ಬಿಜೂರಿನ ನಮ್ಮ ಮನೆಯಲ್ಲಿ, ಗಸಗಸೆ ಪಾಯಸದ ಮುಂದೆ ಕೂತು ಅವನೇ ಬಾಯಿಬಿಟ್ಟ.

"ಇದ್ರ್ ಗಿಡ ನಾ ದಿನಾ ಕಾಂತೆ ಅಮ್ಮಾ."

ಕ್ಯಾಂಪಿನ ಬೇಲಿಯಾಚೆ ಕಣ್ಣು ಹಾಯುವಷ್ಟು ದೂರವೂ ಗಸಗಸೆ ಗದ್ದೆಯೇ ಕಾಣುತ್ತದಂತೆ. ಕಾಯಿ ಗೀರಿದರೆ ಅಫೀಮು. ಸರ್ಕಾರದ ವಿರುದ್ಧ ಕಾದಾಡುವ ಬಂದೂಕಿನವರು ಬೆಳೆಯಲ್ಲಿ ಪಾಲೆತ್ತಿ ಮತ್ತಷ್ಟು ಬಂದೂಕು ತರುತ್ತಾರೆ. ಪೊಲೀಸರು ತಮ್ಮ ಪಾಲು ತೆಗೆದುಕೊಂಡು ಸುಮ್ಮನಾಗುತ್ತಾರೆ. "ಸರ್ಕಾರ ಬಂದ್ ಗಿಡ ಕಡ್ದ್ರೆ ಗದ್ದಿಯವ್ನ ಮಗ ಸಿಟ್ಟಂಗೆ ಬಂದೂಕಿನವ್ರ್ ಒಟ್ಟಿಗ್ ಹೋತ. ಕಡೀದಿದ್ರೆ ಅವ್ರಿಗೇ ದುಡ್ಡ್. ಎಂತ ಮಾಡ್ರೂ ಪೆಟ್ಟ್ ಸರ್ಕಾರಕ್ಕೇ."

ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. "ಅಲ್ಲ್ ಬಾಂಬ್ ಬೀಳತ್ತಾ?"

"ಒಂದೊಂದ್ ಸಲ."

ಅವನ ಬಾಯಿಗೆ ಬೀಗ ಹಾಕಬೇಕೆನಿಸಿತು ನನಗೆ. ತಪ್ಪಾಯಿತೆಂದು ಅವನಿಗೂ ಹೊಳೆದಿರಬೇಕು, ಮಾತು ತಿರುಗಿಸಿದ. "ಚೀಲಕ್ಕೆ ಗಸಗಸೆ ಮಾತ್ರ ಹಾಕ್ಬೇಡ ಅಮ್ಮಾ. ದುಬೈಯಂಗೆ ಅದನ್ನ ಅಫೀಮಿನ್ ಲೆಕ್ಕಕ್ಕೇ ಹಿಡಿತ್ರ್."

ಮರುದಿನ ಬೆಳಿಗ್ಗೆ ಅಣ್ಣ ಕಾರು ಹತ್ತಿ ಮಂಗಳೂರಿಗೆ ಹೊರಟ. ದುಬೈಯಲ್ಲಿ ಇಳಿದು, ಪೆಟ್ಟಿಗೆ ತೆಗೆದುಕೊಂಡು ಹೊರಬಂದು, ಅಲ್ಲಿಂದ ಕಂಪನಿಯ ವಿಮಾನ ಹತ್ತಬೇಕಿತ್ತು. ನಾನು ಕುಂದಾಪುರದ ಬಟ್ಟೆ ಅಂಗಡಿಗೆ ರಜೆ ಹಾಕಿದ್ದೆ. ಮಧ್ಯಾಹ್ನ ಅಡುಗೆಮನೆ ಒರೆಸುವಾಗ ಗಸಗಸೆ ಡಬ್ಬ ಕೈಗೆ ಹಗುರಾಗಿ ಬಂತು. ನಿನ್ನೆ ಪಾಯಸ ಮಾಡಿದ ಮೇಲೂ ಅರ್ಧ ಉಳಿದಿತ್ತು. ಈಗ ಖಾಲಿ.

"ಅಮ್ಮಾ, ಗಸಗಸೆ ಎಲ್ಲಿ?"

"ಅವ್ನ ಮಸಾಲಿ ಚೀಲದಂಗೆ ಹಾಕಿದೆ."

ಫೋನ್ ಮಾಡಿದರೆ ಸ್ವಿಚ್ ಆಫ್. ವಿಮಾನ ಹೊರಟಾಗಿತ್ತು. ಸಾರಿನ ಪುಡಿಯ ನಡುವೆ ಇಟ್ಟ ಗಸಗಸೆಗೆ ಜೈಲಿಗೆ ಹೋದವರ ಕಥೆ ಅಂಗಡಿಯಲ್ಲಿ ಕೇಳಿದ್ದೆ. ಕ್ಯಾಂಪಿನ ಬೇಲಿಯಾಚೆ ಎಕರೆಗಟ್ಟಲೆ ಬೆಳೆದವರನ್ನು ಯಾರೂ ಮುಟ್ಟುವುದಿಲ್ಲ, ನನ್ನ ಅಣ್ಣ ಒಂದು ಮುಷ್ಟಿಗೆ ಒಳಗೆ ಹೋಗುತ್ತಾನೆ! ಅಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಅವಳು ಜಗಲಿಯ ತುದಿಯಲ್ಲಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೆದರಿದಂತೆ ಕಾಣಲಿಲ್ಲ, ನನ್ನ ಸಿಟ್ಟು ಏರಿದ್ದು ಅದಕ್ಕೇ. ಅಂದು ಇಬ್ಬರೂ ಊಟ ಮಾಡಲಿಲ್ಲ.

ಸಂಜೆ ಅಣ್ಣನ ಕರೆ ಬಂತು. ಫೋನ್ ಕಸಿದುಕೊಂಡು ಅಂಗಳಕ್ಕೆ ಓಡಿದೆ.

"ಹೊರಗ್ ಬಂದೆ ಮಾರಾಯ್ತಿ, ಈಗ ಕಂಪ್ನಿ ವಿಮಾನ ಹತ್ತುದ್. ಮಂಗ್ಳೂರಂಗೆ ತೂಕ ಹೆಚ್ಚಾಯ್ತ್, ಅಮ್ಮನ ಮಸಾಲಿ ಚೀಲ ಬಿಚ್ಚದೆ ಅಲ್ಲೇ ಬಿಟ್ಟೆ. ಅವ್ಳಿಗ್ ಹೇಳ್ಬೇಡ, ಬೇಜಾರ್ ಮಾಡ್ಕಂತ್ಳ್."

ನಗು ಬಂತು, ಅಳುವೂ ಬಂತು. ಗಸಗಸೆಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಹೇಳದೆ ಫೋನ್ ಇಟ್ಟು ಒಳಗೋಡಿ ಬಂದೆ. "ಅಣ್ಣನ್ನ ಯಾರೂ ಹಿಡೀಲಿಲ್ಲೆ ಅಮ್ಮಾ! ಬಚಾವಾದ!"

ಅಮ್ಮನ ಮುಖ ಬಿಳಿಚಿತು. "ಹಂಗಾರೆ ಹೋದ್ನಾ?"

"ಮತ್ತೆ?"

"ನಾನ್ ಬೇಕಂತ್ಲೇ ಹಾಕ್ದ್," ಎಂದಳು. "ಹಿಡ್ದ್ ಮನಿಗ್ ವಾಪಸ್ ಕಳ್ಸ್ತ್ರ್ ಅಂದ್ಕಂಡಿದ್ದೆ."

ವಾಪಸ್ ಕಳಿಸುವುದಿಲ್ಲ, ಜೈಲಿಗೆ ಹಾಕುತ್ತಾರೆ, ವರ್ಷಗಟ್ಟಲೆ ಬಿಡುವುದಿಲ್ಲ ಎಂದು ಕೂಗಾಡಿದೆ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಜೈಲಾದ್ರೂ ಅಡ್ಡಿಲ್ಲೆ. ಜೈಲಿನ್ ಮೇಲೆ ಬಾಂಬ್ ಹಾಕುದಿಲ್ಲೆ ಅಲ್ದಾ?"

ಅಣ್ಣನ ನಂಬರು ಒತ್ತಿದೆ. ಅವನು ಕಂಪನಿಯ ವಿಮಾನ ಹತ್ತಿಯಾಗಿತ್ತು, ಫೋನ್ ಮತ್ತೆ ಸ್ವಿಚ್ ಆಫ್.